ಶನಿವಾರ ಭಾನುವಾರ ಬಿಡುವಿದೆ. ಬೆಳೆಯುವವರಿಗೂ ತಿನ್ನುವವರಿಗೂ ನ್ಯಾಯ ಸಿಗುವಂಥ ಕೆಲಸ ಮೈಸೂರಲ್ಲಿ ಎಲ್ಲಿದೆ?

ಕುವೆಂಪುನಗರದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪೂರ್ತಿ ಓದಿ ಉತ್ತರ ಕೊಡಿ.

ನನಗೆ 29 ವರ್ಷ. ಮೈಸೂರಲ್ಲೇ ಹುಟ್ಟಿ ಬೆಳೆದವಳು. ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಶನಿವಾರ ಮಧ್ಯಾಹ್ನ ಆಫೀಸು ಮುಗಿದರೆ ಸೋಮವಾರ ಬೆಳಿಗ್ಗೆವರೆಗೆ ನನ್ನ ಸಮಯ ನನ್ನದೇ. ಆ ಸಮಯದಲ್ಲಿ ಊಟ, ರೈತರು, ಹಸಿವು ಇವುಗಳ ವಿಷಯದಲ್ಲಿ ಏನಾದರೂ ಕೆಲಸ ಮಾಡಬೇಕು ಅನ್ನುವ ಆಸೆ ಒಂದು ವರ್ಷದಿಂದ ಇದೆ. ದುಡ್ಡಿಗಲ್ಲ, ಸೇವೆ ಅಂತಲೇ.

ಇದು ಶುರುವಾಗಿದ್ದು ಬಂಡಿಪಾಳ್ಯದ ಎಪಿಎಂಸಿಯಲ್ಲಿ. ಚಿಕ್ಕಪ್ಪನ ಮಗಳ ಮದುವೆಗೆ ತರಕಾರಿ ತರಲು ಬೆಳಿಗ್ಗೆ ಆರಕ್ಕೇ ಹೋಗಿದ್ದೆವು. ಒಬ್ಬ ಅಜ್ಜ ತಮ್ಮ ಟೊಮೆಟೊ ಕ್ರೇಟುಗಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಕೊಳ್ಳುವವರು ಬಂದರು, ಒಂದು ಹಣ್ಣು ಎತ್ತಿ ಹೆಬ್ಬೆರಳಲ್ಲಿ ಒತ್ತಿ ನೋಡಿದರು, ಒಂದು ರೇಟು ಹೇಳಿದರು. ಅಜ್ಜ ಏನೂ ಮಾತಾಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡರು. ಅದೇ ಒಪ್ಪಿಗೆ. ಆಮೇಲೆ ನಾನೇ ಹೋಗಿ ಮಾತಾಡಿಸಿದೆ. ಟಿ. ನರಸೀಪುರದ ಕಡೆಯವರು. ಕೀಳುವವರ ಕೂಲಿ, ಗಾಡಿ ಬಾಡಿಗೆ ಕಳೆದರೆ ಕೈಗೆ ಏನೂ ಉಳಿಯಲ್ಲ, ವಾಪಸ್ ತಗೊಂಡು ಹೋದರೆ ಅದಕ್ಕೂ ಬಾಡಿಗೆ, ಇನ್ನೇನು ಮಾಡಲಿ ಮಗಳೇ ಅಂದರು. ಅವತ್ತು ಸಂಜೆ ನಮ್ಮ ಬೀದಿಯ ಅಂಗಡಿಯಲ್ಲಿ ಅಂಥದ್ದೇ ಟೊಮೆಟೊಗೆ ಅವರಿಗೆ ಸಿಕ್ಕಿದ್ದರ ನಾಲ್ಕರಷ್ಟು ಬೆಲೆ ಇತ್ತು. ಅಂಗಡಿಯವರೂ ದೊಡ್ಡ ಶ್ರೀಮಂತರಲ್ಲ. ಹಾಗಾದರೆ ದುಡ್ಡು ಎಲ್ಲಿಗೆ ಹೋಯಿತು?

ಆಮೇಲೆ ಓದಲು ಶುರು ಮಾಡಿದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಪ್ರಪಂಚದಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು. 2022ರಲ್ಲಿ ಅಂಗಡಿ, ಹೋಟೆಲು, ಮನೆ ಎಲ್ಲಾ ಸೇರಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಗಿತ್ತು, ಅದರಲ್ಲಿ ನೂರಕ್ಕೆ 60 ಭಾಗ ನಮ್ಮಂಥವರ ಮನೆಗಳಿಂದಲೇ. ಪ್ರಪಂಚದ ಹಿಡುವಳಿಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಐದು ಎಕರೆಗಿಂತ ಚಿಕ್ಕವಂತೆ. ಎಲ್ಲರ ತಟ್ಟೆಗೆ ಬರುವುದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅವರು ಬೆಳೆದದ್ದು. ಅಂದರೆ ಆ ಅಜ್ಜನಂಥವರು ಎಲ್ಲಾ ದೇಶದ ಮಂಡಿಗಳಲ್ಲೂ ಕೂತಿದ್ದಾರೆ ಅಲ್ವಾ?

ಒಂದು ಸಂಸ್ಥೆಗೆ ಸೇರಿಯೂ ನೋಡಿದೆ, ಹೆಸರು ಬೇಡ. ಎರಡು ಭಾನುವಾರ ಬ್ಯಾನರ್ ಹಿಡಿದು ನಡೆದೆವು, ಟೀಶರ್ಟ್ ಕೊಟ್ಟರು, ಫೋಟೋ ತೆಗೆದರು. ಮೂರನೇ ವಾರ ಆಹಾರ ಉಳಿಸಿ ಅನ್ನುವ ಕಾರ್ಯಕ್ರಮ ಮುಗಿದ ಮೇಲೆ ಅರ್ಧ ತಿಂದು ಬಿಟ್ಟ ಊಟದ ಡಬ್ಬಿಗಳನ್ನು ನಾನೇ ಎತ್ತಿ ಚೀಲಕ್ಕೆ ತುಂಬಿದೆ. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ.

ಈಗ ನನ್ನ ಪ್ರಶ್ನೆ. ಮೈಸೂರಲ್ಲೋ ಮಂಡ್ಯದಲ್ಲೋ ನನ್ನಂಥವಳು ವಾರಕ್ಕೆ ಒಂದೂವರೆ ದಿನ ಕೊಟ್ಟರೆ ನಿಜಕ್ಕೂ ಉಪಯೋಗ ಆಗುವ ಕೆಲಸ ಯಾವುದು? ಇಲ್ಲಿ ಮಾಡುವ ಚಿಕ್ಕ ಕೆಲಸಕ್ಕೂ ಪ್ರಪಂಚದ ದೊಡ್ಡ ಅನ್ಯಾಯಕ್ಕೂ ಸಂಬಂಧ ಇದೆಯಾ, ಇಲ್ಲಾ ಅದು ಬರೀ ನನ್ನ ಸಮಾಧಾನಕ್ಕಾ? ಇದ್ದದ್ದು ಇದ್ದ ಹಾಗೆ ಹೇಳಿ, ಬೇಜಾರು ಮಾಡಿಕೊಳ್ಳಲ್ಲ.

ನಾಲೆಬದಿ

ಮೇಡಂ, ನಾನು ಪಾಂಡವಪುರ ತಾಲ್ಲೂಕಿನವನು. ಎರಡೂವರೆ ಎಕರೆ, ವಿಶ್ವೇಶ್ವರಯ್ಯ ನಾಲೆ ನೀರು. ಒಂದು ಎಕರೆ ಕಬ್ಬು, ಉಳಿದಿದ್ದು ಭತ್ತ, ಬದುವಲ್ಲಿ ಹದಿನೆಂಟು ತೆಂಗಿನ ಮರ.

ಮೊದಲನೇ ಮಾತು, ದಯವಿಟ್ಟು ನಾಟಿ ಮಾಡಲು ಬರಬೇಡಿ. ಹೋದ ವರ್ಷ ನಮ್ಮ ಪಕ್ಕದ ಗದ್ದೆಗೆ ಒಂದು ಬಸ್ಸಿನ ತುಂಬ ಹುಡುಗರು ಬಂದಿದ್ದರು. ಒಳ್ಳೆ ಮನಸ್ಸಿನ ಮಕ್ಕಳು, ಅವರದೇನೂ ತಪ್ಪಿಲ್ಲ. ಆದರೆ ಪೈರನ್ನು ಗೇಣುದ್ದ ಕೆಸರಿಗೆ ಇಳಿಸಿದ್ದರು. ಪೈರು ಮೇಲಿದ್ದಷ್ಟೂ ಚೆನ್ನಾಗಿ ತೆಂಡೆ ಹೊಡೆಯುತ್ತದೆ, ಆಳಕ್ಕೆ ಹೋದರೆ ಉಸಿರುಗಟ್ಟಿ ಕೂತುಬಿಡುತ್ತದೆ. ಮಾರನೇ ದಿನ ಇಬ್ಬರು ಹೆಣ್ಣುಮಕ್ಕಳಿಗೆ ಕೂಲಿ ಕೊಟ್ಟು ಮತ್ತೆ ಸಾಲು ಹಿಡಿಸಬೇಕಾಯಿತು. ಬದು ತುಳಿದು ಎರಡು ಕಡೆ ನೀರು ಸೋರಿತು. ಗದ್ದೆ ಕೆಲಸಕ್ಕೆ ಕೈ ಪಳಗಬೇಕು, ಅದು ಒಂದು ಭಾನುವಾರದಲ್ಲಿ ಬರುವುದಿಲ್ಲ.

ಎರಡನೇದು, ಪ್ರಪಂಚಕ್ಕೂ ನಮಗೂ ಸಂಬಂಧ ಇದೆಯಾ ಅಂತ ಕೇಳಿದಿರಿ. ನನ್ನ ಕಥೆ ಹೇಳುತ್ತೇನೆ, ನೀವೇ ನೋಡಿ. ಕೆಆರ್‌ಎಸ್ ಪೂರ್ತಿ ತುಂಬಿದರೆ 124.80 ಅಡಿ. 2023ರಲ್ಲಿ ಮಳೆ ಕೈಕೊಟ್ಟು ತುಂಬಲೇ ಇಲ್ಲ. ಬೇಸಿಗೆ ಭತ್ತ ಹಾಕಲು ನೀರಿಲ್ಲ. ಅದೇ ವರ್ಷ ಜುಲೈ 20ಕ್ಕೆ ಕೇಂದ್ರ ಸರ್ಕಾರ ಬಾಸ್ಮತಿ ಬಿಟ್ಟು ಉಳಿದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ದೇಶದಿಂದ ದೇಶಕ್ಕೆ ಮಾರಾಟ ಆಗುವ ಅಕ್ಕಿಯಲ್ಲಿ ನೂರಕ್ಕೆ 40 ಭಾಗ ನಮ್ಮದೇ. ಹಾಗಾಗಿ ಆಗಸ್ಟ್ ಹೊತ್ತಿಗೆ ಪ್ರಪಂಚದ ಅಕ್ಕಿ ಬೆಲೆ 15 ವರ್ಷದಲ್ಲೇ ಜಾಸ್ತಿ ಆಯಿತು. ಬೆನಿನ್, ಸೆನೆಗಲ್ ಅಂತ ಪಶ್ಚಿಮ ಆಫ್ರಿಕಾದಲ್ಲಿ ದೇಶಗಳಿವೆ, ಅವರು ನಮ್ಮ ಅಕ್ಕಿಯನ್ನೇ ನೆಚ್ಚಿಕೊಂಡವರು. ಅಲ್ಲಿ ಒಬ್ಬ ತಾಯಿ ಮಕ್ಕಳಿಗೆ ಅನ್ನ ಮಾಡಲು ಒದ್ದಾಡುತ್ತಿದ್ದಾಳೆ, ಇಲ್ಲಿ ಬೆಳೆಯುವವನ ಕಣ ಖಾಲಿ. ರಫ್ತು ಮತ್ತೆ ತೆರೆದಿದ್ದು 2024ರ ಸೆಪ್ಟೆಂಬರ್‌ನಲ್ಲಿ. ನಿಲ್ಲಿಸುವಾಗಲೂ ತೆರೆಯುವಾಗಲೂ ನನ್ನನ್ನು ಯಾರೂ ಕೇಳಲಿಲ್ಲ, ಆ ತಾಯಿಯನ್ನೂ ಕೇಳಲಿಲ್ಲ. ದೇಶದೊಳಗೆ ಅಕ್ಕಿ ಬೆಲೆ ಏರದಂತೆ ನೋಡಿಕೊಳ್ಳಬೇಕು, ಅದು ನನಗೂ ಗೊತ್ತು, ಊರಿನ ಕೂಲಿಯವರೂ ಅಕ್ಕಿ ಕೊಂಡೇ ತಿನ್ನುತ್ತಾರೆ. ಆದರೆ ಬೆಳೆಯುವವನೂ ತಿನ್ನುವವನೂ ಇಬ್ಬರೂ ಇಲ್ಲದ ಕೋಣೆಯಲ್ಲಿ ತೀರ್ಮಾನ ಆಗುತ್ತದಲ್ಲ, ಅದು ನನಗೆ ನುಂಗಲು ಆಗದ ವಿಷಯ.

ಕಬ್ಬಿನದೂ ಹಾಗೇ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಆದೇಶದಲ್ಲೇ ಇದೆ. ನನಗೆ ಒಂದು ಸಲ ಬಟವಾಡೆ ಬರಲು ಐದು ತಿಂಗಳಾಯಿತು. ತಡವಾದ ದಿನಕ್ಕೆ ಬಡ್ಡಿ ಕೇಳುವ ಹಕ್ಕಿದೆ, ಆದರೆ ಆ ಬಡ್ಡಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ ಅರ್ಜಿ ಬರೆದು ಕೊಡುವವರು ಯಾರು? ನಮ್ಮ ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಅದಕ್ಕೇ ನೀವು ಲೆಕ್ಕ ಬರೆಯುವವರು ಅಂತ ಓದಿದ ತಕ್ಷಣ ಎದ್ದು ಕೂತೆ. ನಮ್ಮ ಸುತ್ತಮುತ್ತ ಎಷ್ಟೋ ರೈತ ಉತ್ಪಾದಕ ಕಂಪನಿಗಳಿವೆ. 2020ರಲ್ಲಿ ದೇಶಾದ್ಯಂತ 10 ಸಾವಿರ ಮಾಡುತ್ತೇವೆ ಅಂತ ಕೇಂದ್ರ ಯೋಜನೆ ತಂದಿತು. ಷೇರು ಕೊಂಡ ರೈತರು ಇದ್ದಾರೆ, ಗೋಡೌನ್ ಇದೆ, ಬೋರ್ಡ್ ಇದೆ. ಪುಸ್ತಕ ಬರೆಯುವವರು ಇಲ್ಲ. ಕಂಪನಿ ಅಂದಮೇಲೆ ವರ್ಷಕ್ಕೊಮ್ಮೆ ಲೆಕ್ಕ ಸಲ್ಲಿಸಬೇಕು. ತಡ ಆದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ದಂಡ, ಮೂರು ವರ್ಷ ಸಲ್ಲಿಸದಿದ್ದರೆ ಡೈರೆಕ್ಟರುಗಳೇ ಅನರ್ಹ. ಹಾಲು ಕರೆದು, ನೀರು ಕಟ್ಟಿ ಬಂದ ಡೈರೆಕ್ಟರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಮಳೆ ಇಲ್ಲದೆ ಸತ್ತ ಬೆಳೆ ನೋಡಿದ್ದೇನೆ, ಕಾಗದ ಇಲ್ಲದೆ ಸತ್ತ ಸಂಘಗಳನ್ನೂ ನೋಡಿದ್ದೇನೆ. ನಿಮ್ಮ ಒಂದೂವರೆ ದಿನ ಇದಕ್ಕೆ ಕೊಡಿ.

ಬೆಳಗಿನಸಂತೆ

ನಾಲೆಬದಿ ಅಣ್ಣ ಹೇಳಿದ್ದು ಸರಿ. ನಾನು ಕೊಳ್ಳುವವರ ಕಡೆಯಿಂದ ಹೇಳುತ್ತೇನೆ.

ವಿಜಯನಗರದಲ್ಲಿ ನಾವು 22 ಮನೆಯವರು ಸೇರಿ ಹೆಚ್.ಡಿ. ಕೋಟೆ ಕಡೆಯ ಒಂಬತ್ತು ಹೆಣ್ಣುಮಕ್ಕಳಿಂದ ವಾರ ವಾರ ಸೊಪ್ಪು ತರಕಾರಿ ನೇರವಾಗಿ ತರಿಸುತ್ತೇವೆ. ಸುಲಭ ಅಂತ ಶುರು ಮಾಡಿದೆವು. ಸುಲಭ ಅಲ್ಲ. ಮೊದಲನೇ ಸೀಸನ್ನಿನಲ್ಲಿ ಟೊಮೆಟೊಗೆ ಕೆಜಿಗೆ 25 ರೂಪಾಯಿ ಅಂತ ಒಪ್ಪಂದ ಆಯಿತು, ಮಾರುಕಟ್ಟೆ ಏರಲಿ ಇಳಿಯಲಿ ಅದೇ ಬೆಲೆ ಅಂತ. ಹೊರಗೆ 8 ರೂಪಾಯಿ ಇದ್ದಾಗ ನಮ್ಮಲ್ಲೇ ಕೆಲವರು ಯಾಕೆ ಜಾಸ್ತಿ ಕೊಡಬೇಕು ಅಂದರು. 80 ಆದಾಗ ಆ ಕಡೆಯ ಇಬ್ಬರು ನಮಗೆ ಕೊಡದೆ ಹೊರಗೆ ಮಾರಿದರು. ದೊಡ್ಡ ಜಗಳ ಆಯಿತು. ಯಾರದ್ದೂ ತಪ್ಪಲ್ಲ, ಮಕ್ಕಳ ಫೀಸು ಕಟ್ಟಬೇಕಾದ ವಾರದಲ್ಲಿ 80 ಸಿಗುವುದನ್ನು ಯಾರು ಬಿಡುತ್ತಾರೆ?

ಕೊನೆಗೆ ಅವರ ಮನೆ ಜಗುಲಿಯಲ್ಲೇ ಕೂತು ಖರ್ಚು ಬರೆದೆವು. ಬೀಜ, ಗೊಬ್ಬರ, ಕೂಲಿ, ಕಳೆ ಕಿತ್ತಿದ್ದು, ಟೆಂಪೋ. ಅವರಲ್ಲಿ ಹಿರಿಯರೊಬ್ಬರು ನಮ್ಮ ಮೈ ಕೆಲಸ ಬರೆಯಲಿಲ್ಲವಲ್ಲ ಅಂದರು. ಆ ಸಾಲು ಬರೆದ ಮೇಲೆ ಬೆಲೆಯೇ ಬದಲಾಯಿತು. ಈಗ ಒಂದು ಕೆಳಗಿನ ಬೆಲೆ ಇದೆ, ಅದಕ್ಕಿಂತ ಇಳಿಸುವಂತಿಲ್ಲ. ಮಾರುಕಟ್ಟೆ ತುಂಬ ಏರಿದರೆ ಏರಿದ್ದರಲ್ಲಿ ಅರ್ಧ ನಾವು ಜಾಸ್ತಿ ಕೊಡುತ್ತೇವೆ. ಹತ್ತು ಮನೆಯವರು ಬಿಟ್ಟು ಹೋದರು, ಹೊಸಬರು ಎಂಟು ಮನೆ ಬಂದರು. ನಾಲ್ಕನೇ ವರ್ಷ ಈಗ.

ಸ್ವಯಂಸೇವೆ ಅಂದರೆ ನಮ್ಮಲ್ಲಿ ಏನು ಗೊತ್ತಾ? ಶನಿವಾರ ಬೆಳಿಗ್ಗೆ 6.15ಕ್ಕೆ ಟೆಂಪೋ ಬಂದಾಗ ಗೇಟಿನ ಹತ್ತಿರ ಇರುವುದು. ದಂಟಿನ ಸೊಪ್ಪಿನ ಕಟ್ಟು ಎಣಿಸುವುದು, ಬಾಡಿದ್ದನ್ನು ಪಕ್ಕಕ್ಕಿಟ್ಟು ಬರೆದುಕೊಳ್ಳುವುದು, ಅದೇ ದಿನ ಸಂಜೆಯೊಳಗೆ ಅವರ ಖಾತೆಗೆ ದುಡ್ಡು ಹಾಕುವುದು. ಒಂದು ವಾರವೂ ತಪ್ಪಿಸುವಂತಿಲ್ಲ. ಹಬ್ಬ ಅಂತ ನಾವು ಊರಿಗೆ ಹೋದರೆ ಕೊಯ್ದಿಟ್ಟ ಸೊಪ್ಪು ಕಾಯುತ್ತದಾ? ಬೇಕಾಗಿರುವುದು ವರ್ಷಕ್ಕೆ ನೂರು ಜನರ ಜಾಥಾ ಅಲ್ಲ, ಪ್ರತಿ ಶನಿವಾರ ಬರುವ ನಾಲ್ಕು ಜನ.

ನಿವೃತ್ತ ಮೇಷ್ಟ್ರು, ನಾಗಮಂಗಲ

ಎಲ್ಲರೂ ತರಕಾರಿ, ಕಂಪನಿ ಅಂತ ಬರೆಯುತ್ತಿದ್ದೀರಿ. ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಬಡವರು ತಿನ್ನುವುದು ರೇಷನ್. ನ್ಯಾಯ ಅಂತ ಮಾತಾಡುವವರು ಮೊದಲು ನ್ಯಾಯಬೆಲೆ ಅಂಗಡಿಯ ಮುಂದೆ ಹೋಗಿ ನಿಲ್ಲಬೇಕು. ಆ ಅಂಗಡಿಯ ಹೆಸರಲ್ಲೇ ನ್ಯಾಯ ಇದೆ.

ನಮ್ಮೂರ ಅಂಗಡಿಯಲ್ಲಿ ನಾನು ಕಣ್ಣಾರೆ ಕಂಡಿದ್ದು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಜೀವನಪೂರ್ತಿ ರಾಗಿ ಕಳೆ ಕಿತ್ತು, ಕಟಾವು ಮಾಡಿ ಬೆರಳ ತುದಿ ನುಣ್ಣಗೆ ಸವೆದುಹೋಗಿದೆ. ಹೆಬ್ಬೆಟ್ಟಿನ ಯಂತ್ರ ಒಪ್ಪುವುದಿಲ್ಲ. ಸೆರಗಲ್ಲಿ ಒರೆಸಿಕೊಂಡು ಒತ್ತಿದರು, ತಲೆಗೆ ಉಜ್ಜಿ ಎಣ್ಣೆ ಹಚ್ಚಿ ಒತ್ತಿದರು, ಹತ್ತು ಬೆರಳೂ ಮುಗಿದವು. ನಾಳೆ ಬಾ ಅಂದರು. ಅಜ್ಜಿ ಖಾಲಿ ಚೀಲ ಮಡಚಿಕೊಂಡು ಹೊರಟರು. ಪ್ರಪಂಚಕ್ಕೆ ಊಟ ಬೆಳೆದ ಬೆರಳುಗಳಿಗೇ ಊಟ ಇಲ್ಲ ಅಂದರೆ ಹೇಗೆ ಹೇಳಿ.

ಬೆರಳಚ್ಚು ಹೊಂದಲಿಲ್ಲ ಅಂತ ರೇಷನ್ ನಿಲ್ಲಿಸಬಾರದು ಅಂತ ಕೇಂದ್ರ ಸರ್ಕಾರವೇ 2017ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಬರೆದಿದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಪ್ರತಿ ಅಂಗಡಿಗೂ ಜಾಗೃತಿ ಸಮಿತಿ ಇರಬೇಕು, ಸಾಮಾಜಿಕ ಲೆಕ್ಕತಪಾಸಣೆ ಆಗಬೇಕು ಅಂತ ಇದೆ. ಮಾರನೇ ದಿನ ನಾನು ಸುಮ್ನೆ ಅಜ್ಜಿಯ ಪಕ್ಕ ನಿಂತೆ, ಬಾಯಿ ಜೋರು ಮಾಡಲಿಲ್ಲ, ಬರೆದುಕೊಳ್ಳಲು ಪೆನ್ನು ಪುಸ್ತಕ ಹಿಡಿದಿದ್ದೆ ಅಷ್ಟೇ. ರೇಷನ್ ಕೊಟ್ಟರು. ಈಗ ನಾವು ಮೂವರು ನಿವೃತ್ತರು ತಿಂಗಳ ಮೊದಲ ವಾರ ಸರದಿಯಂತೆ ಹೋಗಿ ನಿಲ್ಲುತ್ತೇವೆ.

ಇನ್ನೊಂದು ಕೆಲಸ ಇದೆ. ನಾಗಮಂಗಲ, ಕೆ.ಆರ್. ಪೇಟೆ ಕಡೆ ಮಳೆ ನಂಬಿದ ರಾಗಿ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಆ ಬೆಲೆಗೆ ಮಾರಬೇಕಾದರೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದಲ್ಲಿ ರೈತನ ನೋಂದಣಿ ಸಂಖ್ಯೆ ಇರಬೇಕು, ಅದರಲ್ಲಿ ಬೆಳೆ ವಿವರ ಸರಿ ಇರಬೇಕು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇರಬೇಕು. ತಾತನ ಹೆಸರಲ್ಲಿ ಪಹಣಿ, ಮೊಮ್ಮಗ ಉಳುತ್ತಾನೆ, ಐಡಿ ಇಲ್ಲ. ಕೊನೆಗೆ ಮನೆ ಬಾಗಿಲಿಗೆ ಬರುವ ವ್ಯಾಪಾರಿಗೆ ಕೇಳಿದ ಬೆಲೆಗೆ ಕೊಡುತ್ತಾನೆ. ನೋಂದಣಿ ಶುರುವಾಗುವ ಮೊದಲು ಒಂದು ಊರಿಗೆ ಎರಡು ದಿನ ಬಂದು ಕಾಗದ ಸರಿ ಮಾಡಿಕೊಡುವ ಇಬ್ಬರು ಹುಡುಗರು ಸಿಕ್ಕರೆ ಅದು ದೊಡ್ಡ ಉಪಕಾರ. ಹೀಗೆ ಕೊಂಡ ರಾಗಿಯೇ ನಮ್ಮ ರೇಷನ್ ಅಂಗಡಿಗೂ ಬರುತ್ತದೆ. ಬೆಳೆದವನಿಗೂ ಬೆಲೆ, ಅಜ್ಜಿಗೂ ಮುದ್ದೆ.

ಉಳಿದಊಟ

ನಾನು ಸರಸ್ವತಿಪುರಂನಲ್ಲಿ ಇರುವ ವಿದ್ಯಾರ್ಥಿ. ನಾವು ಎಂಟು ಜನ ಛತ್ರಗಳಲ್ಲಿ ಉಳಿದ ಊಟ ತಂದು ಹಂಚುತ್ತೇವೆ. ಇಲ್ಲಿ ಎಲ್ಲರೂ ಬರೆದಿದ್ದು ಓದಿ ನಾವು ಮಾಡುತ್ತಿರುವುದು ಚಿಕ್ಕದು ಅನ್ನಿಸಿತು, ಆದರೂ ಹೇಳುತ್ತೇನೆ.

ಒಂದು ಮದುವೆಯಲ್ಲಿ ಕೊನೇ ಪಂಕ್ತಿ ಎದ್ದ ಮೇಲೆ ಒಂದು ಕೊಪ್ಪರಿಗೆ ಬಿಸಿಬೇಳೆಬಾತ್ ಮುಟ್ಟದೆ ಹಾಗೇ ಇತ್ತು. ಮುಚ್ಚಳ ತೆಗೆದರೆ ಹಬೆ. ಅವತ್ತು ರಾತ್ರಿ ರೈಲು ನಿಲ್ದಾಣದ ಹೊರಗೆ ಮತ್ತು ಒಂದು ಕಟ್ಟಡದ ಕೆಲಸದ ಶೆಡ್ಡುಗಳಲ್ಲಿ 90 ಜನ ಊಟ ಮಾಡಿದರು. ಅಲ್ಲಿ ರಾಯಚೂರಿನಿಂದ ಬಂದ ಒಂದು ಸಂಸಾರ ಇತ್ತು. ಅವರೂ ಊರಲ್ಲಿ ಜಮೀನಿದ್ದವರೇ. ತೊಗರಿ ಬೆಳೆಯುತ್ತಿದ್ದವರು ತೊಗರಿಬೇಳೆ ಹಾಕಿದ ಅನ್ನಕ್ಕೆ ತಟ್ಟೆ ಹಿಡಿದಿದ್ದರು.

ಬರುವವರಿಗೆ ಒಂದೆರಡು ಎಚ್ಚರಿಕೆ. ಅನ್ನ ಹೊರಗೆ ಆರಿ ಎರಡು ಗಂಟೆ ಮೇಲಾಗಿದ್ದರೆ ನಾವು ಮುಟ್ಟುವುದಿಲ್ಲ, ಎಷ್ಟೇ ಇರಲಿ. ಆರಿದ ಅನ್ನದಲ್ಲಿ ಬೆಳೆಯುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಮೊಸರನ್ನ, ಕಾಯಿ ಚಟ್ನಿ, ಹಾಲಿನ ಪಾಯಸ ತರುವುದೇ ಇಲ್ಲ. ಎಲೆ ಮೇಲಿನದಂತೂ ಯಾವತ್ತೂ ಇಲ್ಲ. ಬಡವರು ಅಂತ ಹಳಸಿದ್ದು ಕೊಡುವಂತಿಲ್ಲ. ನಾವು ತಿನ್ನದಿದ್ದರೆ ಅವರಿಗೂ ಇಲ್ಲ. ಈಗ ಅಡುಗೆ ಭಟ್ಟರ ಜೊತೆಯೇ ಮೊದಲು ಮಾತಾಡಿಕೊಳ್ಳುತ್ತೇವೆ, ಊಟ ಶುರುವಾಗುವ ಮುಂಚೆಯೇ ಎಷ್ಟು ಜನ, ಎಷ್ಟು ಅಕ್ಕಿ ಅಂತ ಕೇಳುತ್ತೇವೆ. ಇಬ್ಬರು ಭಟ್ಟರು ಈಗ ಅಕ್ಕಿ ಎರಡು ಸಲವಾಗಿ ಬೇಯಿಸುತ್ತಾರೆ, ಜನ ನೋಡಿಕೊಂಡು ಎರಡನೇದು ಇಡುತ್ತಾರೆ. ಅಲ್ಲಿ ಉಳಿಯುವುದೇ ಕಡಿಮೆ ಆಗಿದೆ. ನನಗೆ ಹಂಚಿದ್ದಕ್ಕಿಂತ ಅದೇ ಜಾಸ್ತಿ ಖುಷಿ.

ನಾಲೆಬದಿ

ತಮ್ಮಾ, ಚಿಕ್ಕದು ಅಂದುಕೊಳ್ಳಬೇಡ. ಒಂದು ಕೆಜಿ ಅಕ್ಕಿಯ ಹಿಂದೆ ಎಷ್ಟು ನೀರು ಹರಿದಿರುತ್ತದೆ ಅಂತ ನಾಲೆ ಬದಿಯವನಿಗೆ ಗೊತ್ತು, ಕೊನೇ ಭಾಗದ ಗದ್ದೆಗೆ ನೀರು ಬರಲಿಲ್ಲ ಅಂತ ಅಣ್ಣತಮ್ಮಂದಿರೇ ರಾತ್ರಿ ತೂಬಿನ ಹತ್ತಿರ ಕಿತ್ತಾಡಿದ್ದನ್ನು ನೋಡಿದ್ದೇನೆ. ಅಂಥ ಅಕ್ಕಿ ಚರಂಡಿಗೆ ಹೋಗದಂತೆ ನೋಡಿಕೊಂಡೆಯಲ್ಲ, ನನ್ನ ಕೆಲಸವನ್ನೇ ನೀನು ಮಾಡಿದೆ.

ಬೀಜದಬುಟ್ಟಿ

ಮಳವಳ್ಳಿಯಿಂದ. ಪ್ರಪಂಚದ ಸಂಬಂಧದ ಬಗ್ಗೆ ಕೇಳಿದ್ದಕ್ಕೆ ನಾನೂ ಸ್ವಲ್ಪ ಸೇರಿಸುತ್ತೇನೆ.

ನಾವು ನಮ್ಮದೇ ಅನ್ನುವ ರಾಗಿ ಪೂರ್ವ ಆಫ್ರಿಕಾದಿಂದ ಬಂದದ್ದು, ಇಥಿಯೋಪಿಯಾ, ಉಗಾಂಡಾದ ಎತ್ತರದ ನೆಲದಿಂದ, ಸಾವಿರಾರು ವರ್ಷದ ಹಿಂದೆ. ಉಗಾಂಡಾದಲ್ಲಿ ಇವತ್ತಿಗೂ ರಾಗಿ ಹಿಟ್ಟು ತಿರುವಿ ಮುದ್ದೆ ಮಾಡುತ್ತಾರೆ, ಅದಕ್ಕೆ ಕಾಲೋ ಅನ್ನುತ್ತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ನಮ್ಮ ತಂದೆ ಇಂಡಾಫ್ ಬಿತ್ತಿದವರು. ಇಳುವರಿ ಹೆಚ್ಚಾಗಿ ಮನೆಯಲ್ಲಿ ಎರಡು ಹೊತ್ತು ಮುದ್ದೆ ಆಯಿತು ಅಂತ ಹೇಳುತ್ತಿದ್ದರು. ಎಲ್ಲೋ ಒಬ್ಬ ಆಫ್ರಿಕಾದ ರೈತ ಹೆಣ್ಣುಮಗಳು ಆರಿಸಿ ಇಟ್ಟ ಬೀಜದಿಂದ ನಮ್ಮ ಹೊಟ್ಟೆ ತುಂಬಿದೆ. ಆ ಋಣ ನಮ್ಮ ಮೇಲಿದೆ.

ನಮ್ಮ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಜಾಸ್ತಿ ಭತ್ತದ ತಳಿ ಉಳಿಸಿಕೊಂಡು ಬಂದಿದ್ದಾರೆ. ಬೀಜದ ತಳಿ ಉಳಿಯಬೇಕಾದರೆ ಡಬ್ಬದಲ್ಲಿ ಇಟ್ಟರೆ ಸಾಲದು, ಮತ್ತೆ ಮತ್ತೆ ಬಿತ್ತಿ, ಬೆರಕೆ ಆಗದಂತೆ ತೆನೆ ತೆನೆ ಬಿಡಿಸಿ, ಹೆಸರು ಬರೆದಿಡಬೇಕು. ನಾನು ನನ್ನ ಹೊಲದಲ್ಲಿ ಬರೀ ಏಳು ತಳಿ ಇಟ್ಟುಕೊಂಡಿದ್ದೇನೆ, ರಾಜಮುಡಿ, ರತ್ನಚೂಡಿ, ಗಂಧಸಾಲೆ ಇಂಥವು. ಅಷ್ಟಕ್ಕೇ ಕೊಯ್ಲಿನ ವಾರ ಕಣ್ಣು ನೋವು ಬರುತ್ತದೆ. ಒಂದು ತೆನೆಯಲ್ಲಿ ಕಾಳಿನ ತುದಿಗೆ ಮೀಸೆ ಇದ್ದರೆ ಅದು ಬೇರೆ ತಳಿ, ಪಕ್ಕಕ್ಕೆ ಇಡಬೇಕು. ಈ ಕೆಲಸಕ್ಕೆ ಬರುವವರಿಗೆ ನಾನು ಕಲಿಸುತ್ತೇನೆ, ಎರಡು ಸೀಸನ್ ಬರುತ್ತೇನೆ ಅನ್ನುವವರು ಮಾತ್ರ ಬನ್ನಿ.

ಇನ್ನೊಂದು. ನಮ್ಮ ರೈತ ಸಂಘದ ಪ್ರೊಫೆಸರ್ ನಂಜುಂಡಸ್ವಾಮಿ ಅವರು 1999ರಲ್ಲಿ ನೂರಾರು ರೈತರನ್ನು ಯೂರೋಪಿಗೆ ಕರೆದುಕೊಂಡು ಹೋಗಿದ್ದರು, ವಿಶ್ವ ವ್ಯಾಪಾರ ಒಪ್ಪಂದದ ವಿರುದ್ಧ ದನಿ ಎತ್ತಲು. 1993ರಲ್ಲಿ ಹುಟ್ಟಿದ ಲಾ ವಿಯಾ ಕಾಂಪೆಸಿನಾ ಅನ್ನುವ ಪ್ರಪಂಚದ ರೈತರ ಒಕ್ಕೂಟದಲ್ಲಿ ನಮ್ಮ ಸಂಘವೂ ಇದೆ. ಅವರೆಲ್ಲ ವರ್ಷಗಟ್ಟಲೆ ಕೇಳಿದ ಮೇಲೆ 2018ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ರೈತರ ಹಕ್ಕುಗಳ ಘೋಷಣೆ ಒಪ್ಪಿತು. 121 ದೇಶ ಪರ, 8 ವಿರೋಧ, ನಮ್ಮ ದೇಶ ಪರವಾಗಿ ಮತ ಹಾಕಿತು. ಅದರ 19ನೇ ವಿಧಿ ಬೀಜದ ಹಕ್ಕು. ನಮ್ಮ ದೇಶದ 2001ರ ಸಸ್ಯ ತಳಿ ಕಾಯ್ದೆಯ 39ನೇ ಸೆಕ್ಷನ್ ಕೂಡ ರೈತ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಕೊಡಬಹುದು, ಬ್ರಾಂಡ್ ಹೆಸರು ಹಾಕದೆ ಮಾರಲೂಬಹುದು ಅನ್ನುತ್ತದೆ. ನಮ್ಮ ಊರಿನ ಸಂಘದ ಸಭೆಯಲ್ಲಿ ಇದನ್ನು ಒಂದು ಸಲ ಆಡುಮಾತಲ್ಲಿ ಓದಿ ಹೇಳಿದೆ. ಮುಗಿದ ಮೇಲೆ ಹಿಂದೆ ಕೂತಿದ್ದ ಒಬ್ಬರು, ಇದು ನಮ್ಮದಾ, ನಮಗೆ ಯಾಕೆ ಯಾರೂ ಹೇಳಲಿಲ್ಲ ಅಂತ ಕೇಳಿದರು. ಇಂಗ್ಲಿಷ್ ಬರುವ, ಒಳ್ಳೆ ಕನ್ನಡವೂ ಬರುವ ಮಕ್ಕಳು ಇಂಥದ್ದನ್ನು ತಿಂಗಳಿಗೆ ಒಂದು ಹಾಳೆ ಬರೆದು ಹಳ್ಳಿಗಳಿಗೆ ತಂದು ಓದಿದರೆ ಎಷ್ಟು ಚೆನ್ನ.

ಕುವೆಂಪುನಗರದವಳು

ಒಂದು ತಿಂಗಳಾಯಿತು, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ನಾಲೆಬದಿ ಅವರು ಹೇಳಿದ ಹಾಗೆ ಮದ್ದೂರು ಕಡೆಯ ಒಂದು ರೈತ ಕಂಪನಿಗೆ ಹೋದೆ. 340 ಜನ ಷೇರುದಾರರು. ಲೆಕ್ಕ ಎಲ್ಲಿ ಅಂದರೆ ಕಾರ್ಯದರ್ಶಿ ಒಂದು ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲೆ ಇಟ್ಟರು. ಗೊಬ್ಬರದ ಬಿಲ್ಲು, ತೂಕದ ಚೀಟಿ, ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಸಾಲದ ಲೆಕ್ಕ, ಎಲ್ಲಾ ಒಟ್ಟಿಗೆ. ಒಂದು ಚೀಟಿಯನ್ನೂ ಅವರು ಕಳೆದಿರಲಿಲ್ಲ. ಮೊದಲ ಶನಿವಾರ ತಿಂಗಳು ತಿಂಗಳಿನ ಕಟ್ಟು ಮಾಡಿದೆವು, ಅವರ ಸೊಸೆ ಪಿಯುಸಿ ಓದಿದ್ದಾರೆ, ನನ್ನ ಪಕ್ಕವೇ ಕೂತು ದಿನಾಂಕ ಓದಿದರು. ಮೂರನೇ ಶನಿವಾರದ ಹೊತ್ತಿಗೆ ಗೊತ್ತಾಗಿದ್ದು, ಎಳನೀರು ಮಾರಿದ್ದರಲ್ಲಿ ಕಂಪನಿಗೆ ಬರಬೇಕಾದ 61 ಸಾವಿರ ಒಬ್ಬ ಖರೀದಿದಾರರ ಹತ್ತಿರ ಹಾಗೇ ಉಳಿದಿದೆ. ಯಾರೂ ಕೂಡಿಸಿಯೇ ನೋಡಿರಲಿಲ್ಲ. ಫೋನ್ ಮಾಡಿ ಚೀಟಿಗಳ ಫೋಟೋ ಕಳಿಸಿದ ಮೇಲೆ ಅವರು ಎರಡು ಕಂತಲ್ಲಿ ಕೊಡುತ್ತೇನೆ ಅಂದಿದ್ದಾರೆ, ಮೊದಲನೇ ಕಂತು ಬಂದಿದೆ. ಸೊಸೆಯವರು ಈಗ ದಿನದ ಪುಸ್ತಕ ತಾವೇ ಬರೆಯುತ್ತಿದ್ದಾರೆ. ಆಡಿಟ್‌ಗೆ ಸಹಿ ಹಾಕಲು ಸಿಎ ಬೇಕು, ನಮ್ಮ ಆಫೀಸಿನ ಸರ್ ಹತ್ತಿರ ಕೇಳಿದೆ, ಈ ವರ್ಷ ಶುಲ್ಕ ಬೇಡ ಅಂದರು.

ಇನ್ನೂ ಎರಡು ಕಂಪನಿಯವರು ಕೇಳುತ್ತಿದ್ದಾರೆ, ಒಂದು ಮಳವಳ್ಳಿ ಹತ್ತಿರ, ಒಂದು ಕೆ.ಆರ್. ಪೇಟೆಯಲ್ಲಿ. ನನ್ನೊಬ್ಬಳಿಂದ ಆಗುವುದಿಲ್ಲ. ಲೆಕ್ಕ ಬರುವವರು, ಕಾಮರ್ಸ್ ಓದುತ್ತಿರುವವರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ. ತಿಂಗಳಿಗೆ ಎರಡು ಶನಿವಾರ ಸಾಕು, ಆದರೆ ಮಾರ್ಚ್ ಮುಗಿಯುವ ತನಕ ಬಿಡದೆ ಬರಬೇಕು. ಮೇಷ್ಟ್ರೇ, ರಾಗಿ ನೋಂದಣಿ ಶುರುವಾಗುವ ಮುಂಚೆ ತಿಳಿಸಿ, ನನ್ನ ತಮ್ಮ ಮತ್ತು ಅವನ ಇಬ್ಬರು ಗೆಳೆಯರು ಲ್ಯಾಪ್‌ಟಾಪ್ ತಗೊಂಡು ಬರುತ್ತಾರೆ. ಅವರಿಗೆ ಪಹಣಿ ಓದಲು ಬರುವುದಿಲ್ಲ, ಮೊದಲನೇ ದಿನ ನೀವೇ ಪಕ್ಕದಲ್ಲಿ ಕೂತು ಕಲಿಸಬೇಕು.